ಮಿಲ್ ರಸ್ತೆಗೆ ನೀರು ಹೊಡೆಸಿದವಳು

ಆ ಸಂದೇಶ ಇನ್ನೂ ನನ್ನ ಮೊಬೈಲಿನಲ್ಲಿದೆ. ಅಳಿಸಿಬಿಡೋಣವೆಂದು ಎಷ್ಟೋ ಸಲ ಅದರ ಮೇಲೆ ಬೆರಳಿಟ್ಟಿದ್ದೇನೆ, ಅಳಿಸಿಲ್ಲ. ಪುರಸಭೆಯ ನೈರ್ಮಲ್ಯ ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ನಾನೇ ಕಳಿಸಿದ್ದು: "ನಾಳೆಯಿಂದ ಮೂರು ದಿನ ಬೆಂಗಳೂರು ಟೀಮ್ ಇರುತ್ತದೆ. ಮಿಲ್ ರಸ್ತೆ ಎರಡೂ ಬದಿ ನೀಟಾಗಿರಬೇಕು. ಮುಂಜಾನೆ, ಸಂಜೆ ಟ್ಯಾಂಕರ್ ನೀರು ಹೊಡೆಯಿರಿ. ಯಾರೂ ಹೆಸರು ಕೆಡಿಸಬೇಡಿ." ಕೊನೆಗೊಂದು ಕೈಮುಗಿಯುವ ಚಿತ್ರ ಬೇರೆ.

ಬೆಂಗಳೂರಿನ ಆ ತಂಡ ಬರುತ್ತಿದ್ದುದು ನಮ್ಮ ರಸ್ತೆಯ ಧೂಳನ್ನು ಅಳೆಯುವುದಕ್ಕೆ.

ಗಂಗಾವತಿ ಕಡೆಯ ಕಾಲುವೆ ನೀರಾವರಿಯ ಒಂದು ಸಣ್ಣ ಊರಿನ ಪುರಸಭೆಯಲ್ಲಿ ನಾನು ಪರಿಸರ ಎಂಜಿನಿಯರ್. ತವರು ಕುಷ್ಟಗಿ ಹತ್ತಿರ. ಅಲ್ಲಿಯೂ ಧೂಳಿಗೆ ಬರವಿಲ್ಲ, ಆದರೆ ಅದು ಮಣ್ಣಿನ ಧೂಳು, ಸೆರಗು ಕೊಡವಿದರೆ ಉದುರಿಹೋಗುತ್ತದೆ. ಇಲ್ಲಿಯದು ಬೂದಿ. ಅಕ್ಕಿ ಮಿಲ್ಲುಗಳ ಬಾಯ್ಲರಿನಲ್ಲಿ ಭತ್ತದ ಹೊಟ್ಟು ಉರಿಸುತ್ತಾರೆ. ಉರಿದುಳಿದ ಬೂದಿಯನ್ನು ಟ್ರ್ಯಾಕ್ಟರಿಗೆ ತುಂಬಿ, ಮೇಲೊಂದು ತಾಡಪತ್ರಿಯನ್ನೂ ಹೊದಿಸದೆ ಇಟ್ಟಿಗೆ ಭಟ್ಟಿಗಳಿಗೆ ಸಾಗಿಸುತ್ತಾರೆ. ದಾರಿಯುದ್ದಕ್ಕೂ ಅದು ಉದುರುತ್ತದೆ. ಡಾಂಬರಿನ ಎರಡೂ ಬದಿಗೆ ಬರೀ ಮಣ್ಣು. ಒಂದು ಲಾರಿ ಹೋದರೆ ಸಾಕು, ಮಣ್ಣು ಬೂದಿ ಎರಡೂ ಎದ್ದು ನಿಲ್ಲುತ್ತವೆ, ಅದು ಕೂರುವುದರೊಳಗೆ ಮತ್ತೊಂದು ಲಾರಿ ಬಂದಿರುತ್ತದೆ. ಮನೆಗೆ ಹೋಗಿ ಮುಖ ಒರೆಸಿಕೊಂಡರೆ ಟವೆಲ್ಲು ಕಪ್ಪಾಗುತ್ತದೆ.

ಆ ರಸ್ತೆಯನ್ನು ಗುಡಿಸುವ ಕಾಯಂ ಪೌರಕಾರ್ಮಿಕ ಮಹಿಳೆಯೊಬ್ಬಳಿದ್ದಾಳೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ನಾನು ಯಕ್ಕಾ ಎನ್ನುತ್ತೇನೆ. ಎದ್ದರೆ ಕೆಮ್ಮು, ಕೂತರೆ ಕೆಮ್ಮು. ಧೂಳಿನ ಕೆಲಸ ಬಿಡು ಎಂದು ದವಾಖಾನೆಯಲ್ಲಿ ಹೇಳಿದ್ದಾರಂತೆ. ಬಿಟ್ಟು ಎಲ್ಲಿಗೆ ಹೋಗುತ್ತಾಳೆ? ಪುರಸಭೆಯ ಸಸಿಗಳಿಗೆ ನೀರು ಹಾಕುವ ಕೆಲಸ ಕೊಡಿ ಎಂದು ಕೇಳಿಕೊಂಡಿದ್ದಳು. ಆದರೆ ಅವಳನ್ನು ಅಲ್ಲಿಗೆ ಹಾಕಿದರೆ ಮಿಲ್ ರಸ್ತೆಗೆ ಬರುವವರು ಯಾರೂ ಇರಲಿಲ್ಲ.

ಹೀಗಿರುವಾಗ ಗಾಳಿಯ ಮಾಲಿನ್ಯ ತಗ್ಗಿಸಲು ಊರುಗಳಿಗೆ ರಾಜ್ಯ ಸರಕಾರ ಅನುದಾನ ಕೊಡುತ್ತದೆಂದು ಸುತ್ತೋಲೆ ಬಂತು. ಧೂಳು ಹೀರಿಕೊಂಡು ಗುಡಿಸುವ ವಾಹನ, ರಸ್ತೆಯ ಎರಡೂ ಬದಿಗೆ ಕಲ್ಲುಹಾಸು, ಇವೆರಡೂ ಅದರಲ್ಲಿ ಬರುತ್ತಿದ್ದವು. ಸುದ್ದಿ ಯಕ್ಕನಿಗೂ ಮುಟ್ಟಿತು. "ಮಷೀನ್ ಬಂದ್ರ ನನ್ನ ಸಸಿ ಕಡೆ ಹಾಕ್ತೀರೆಲ್ರಿ ಮೇಡಮ್ಮಾರ?" ಎಂದು ಕೇಳಿದಳು. ಹಾಕುತ್ತೇನೆಂದು ಮಾತು ಕೊಟ್ಟೆ.

ಷರತ್ತು ಎರಡು. ಈ ಅನುದಾನಕ್ಕೆ ತನ್ನ ಬೆಂಬಲವಿದೆ, ವಾಹನ ಬಂದರೆ ನಡೆಸುವ ಹೊಣೆ ತನ್ನದು ಎಂದು ಪುರಸಭೆಯ ಸಾಮಾನ್ಯ ಸಭೆ ಠರಾವು ಮಾಡಬೇಕು. ಆಮೇಲೆ ತಂಡವೊಂದು ಬಂದು ಗಾಳಿ ಅಳೆಯುತ್ತದೆ, ಧೂಳು ಮಿತಿ ಮೀರಿದ್ದರೆ ಮಾತ್ರ ಊರಿನ ಹೆಸರು ಪಟ್ಟಿಗೆ ಸೇರುತ್ತದೆ.

ಠರಾವೇ ಕಷ್ಟವಾಯಿತು. ಸದಸ್ಯರಲ್ಲಿ ಕೆಲವರಿಗೆ ಸ್ವಂತ ಮಿಲ್ಲುಗಳಿದ್ದವು. ಊರಿನಲ್ಲಿ ಮಾಲಿನ್ಯ ಇದೆ ಎಂದು ನಾವೇ ಬರೆದುಕೊಟ್ಟರೆ ನಾಳೆ ಅದೇ ಕಾಗದ ಹಿಡಿದು ಮಿಲ್ಲಿಗೆ ಬೀಗ ಹಾಕಲು ಬರುತ್ತಾರೆಂಬ ಅಂಜಿಕೆ ಅವರಿಗೆ. ಎರಡು ಸಭೆಗಳಲ್ಲಿ ವಿಷಯವನ್ನು ಮುಂದೂಡಿದರು. ಇದನ್ನು ಬಿಡದೆ ಹಿಡಿದವರು ಮಿಲ್ ರಸ್ತೆಯ ವಾರ್ಡಿನ ಸದಸ್ಯೆ. ಮುಸ್ಲಿಂ ಮನೆತನದವರು, ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುವವರು. ವರ್ಷವಿಡೀ ಒಬ್ಬೊಬ್ಬ ಸದಸ್ಯರ ಮನೆಗೂ ಹೋಗಿ ಕೂತು ಮಾತಾಡಿದ್ದರು. ಮೂರನೆಯ ಸಭೆಗೆ ಚೀಲದಲ್ಲಿ ಒಂದು ಬಿಳಿ ಬಟ್ಟೆ ತಂದರು. ಬಿಳಿ ಎಂದು ಅವರು ಹೇಳಿದ್ದಕ್ಕೆ ನಾವು ನಂಬಬೇಕು, ಅಷ್ಟೇ.

"ನಿನ್ನಿ ಮುಂಜಾನಿ ಕಟ್ ಮಾಡಿದ ಹೊಸಾ ಅರಬಿ ರೀ ಇದು. ಒಂದು ದಿನ ಹಗ್ಗದ ಮ್ಯಾಲ ಹಾಕಿದ್ದೆ. ಇದನ್ನ ಮಕ್ಕಳಿಗೆ ಯುನಿಫಾರಂ ಅಂತ ಹೆಂಗ ಕೊಡ್ಲಿ? ಮಿಲ್ ಬಂದ್ ಮಾಡ್ರಿ ಅಂತ ನಾ ಎಲ್ಲಿ ಅಂದೀನಿ? ರಸ್ತಾ ನೆಟ್ಟಗ ಮಾಡ್ರಿ ಅಂದೀನಿ."

ಆ ಬಟ್ಟೆ ಕೈಯಿಂದ ಕೈಗೆ ದಾಟಿತು. ಮುಟ್ಟಿದವರು ಬೆರಳು ಒರೆಸಿಕೊಂಡರು. ಠರಾವು ಪಾಸಾಯಿತು.

ಮುಂದಿನದು ನನ್ನ ಕೆಲಸ. ಅಳೆಯುವ ಯಂತ್ರ ನೋಡಲು ದೊಡ್ಡದೇನಲ್ಲ, ನಾಲ್ಕು ಕಾಲಿನ ಮೇಲೆ ನಿಂತ ತಗಡಿನ ಪೆಟ್ಟಿಗೆ. ಒಳಗಿನ ಮೋಟಾರು ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಒಂದು ಬಿಳಿಯ ಸೋಸು ಕಾಗದದ ಮೂಲಕ ಹಾದುಹೋಗುತ್ತದೆ, ಧೂಳು ಕಾಗದದ ಮೇಲೆ ನಿಲ್ಲುತ್ತದೆ. ಹಾಕುವ ಮೊದಲು ಕಾಗದದ ತೇವ ಆರಿಸಿ ತೂಗಿರುತ್ತಾರೆ, ತೆಗೆದ ಮೇಲೆ ಮತ್ತೆ ತೂಗುತ್ತಾರೆ. ಹೆಚ್ಚಾದದ್ದೆಷ್ಟೋ ಅದೇ ಧೂಳು. ದಿನಕ್ಕೊಂದು ಕಾಗದ, ಮೂರು ದಿನಕ್ಕೆ ಮೂರು. ನಡುವೆ ಕರೆಂಟು ಹೆಚ್ಚು ಹೊತ್ತು ಹೋದರೆ ಆ ದಿನ ಲೆಕ್ಕಕ್ಕಿಲ್ಲ. ಜನರೇಟರ್ ಇಡುವಂತಿಲ್ಲ, ಅದರ ಹೊಗೆಯೂ ಕಾಗದಕ್ಕೇ ಬರುತ್ತದೆ.

ಯಂತ್ರ ಇಡಲು ಮಿಲ್ ರಸ್ತೆಯ ಸರಕಾರಿ ಶಾಲೆಯ ಮಾಳಿಗೆ ನಿಗದಿಯಾಯಿತು. ಮೊದಲ ಸಲ ಬಂದಾಗ ಮಧ್ಯಾಹ್ನಕ್ಕೇ ಕರೆಂಟು ಹೋಗಿ, ತಂಡದವರು ಪೆಟ್ಟಿಗೆ ಕಟ್ಟಿಕೊಂಡು ವಾಪಸ್ಸು ಹೋದರು. ಎರಡನೆಯ ದಿನಾಂಕ ಪಡೆಯುವುದಕ್ಕೆ ನಾನು ಎಷ್ಟು ಫೋನು ಮಾಡಿದೆನೋ. ಈ ಸಲ ಏನೂ ತಪ್ಪಬಾರದೆಂದು ಹಟ ತೊಟ್ಟೆ. ವಿದ್ಯುತ್ ಕಚೇರಿಗೆ ನಾಲ್ಕು ಸಲ ಅಲೆದು, ಮೂರು ದಿನ ಆ ಲೈನು ಕಡಿಯುವುದಿಲ್ಲ ಎಂದು ಬರೆಸಿಕೊಂಡು ಬಂದೆ. ಶಾಲೆಯ ಹಳೆಯ ವೈರು ಬದಲಿಸಿದೆ. ಮಾಳಿಗೆಗೆ ಅಡ್ಡಬಂದಿದ್ದ ಬೇವಿನ ಟೊಂಗೆ ಕಡಿಸಿದೆ. ಎಲ್ಲ ಮುಗಿಯಿತೆಂದುಕೊಂಡು ಸಂಜೆ ಆ ಸಂದೇಶ ಬರೆದೆ. ಅದಾದ ಮೇಲೆ ಮಿಲ್ಲುಗಳಿಗೂ ಫೋನು ಮಾಡಿ ಹೇಳಿದೆ: "ಮೂರು ದಿನ ಬೂದಿ ಟ್ರ್ಯಾಕ್ಟರ್ ಹೊರಗ ಬಿಡಬ್ಯಾಡ್ರಿ, ಬೆಂಗಳೂರಿನವ್ರು ಬರ್ತಾರ."

ಓದುವವರು ನಗಬಹುದು. ಪರಿಸರ ಎಂಜಿನಿಯರಿಂಗ್ ಓದಿದವಳಿಗೆ ಇಷ್ಟು ತಿಳಿಯಲಿಲ್ಲವೇ? ನಾನು ಕೊಡಬಹುದಾದ ಉತ್ತರ ಒಂದೇ, ಅದೂ ಹೇಳಿಕೊಳ್ಳುವಂಥದ್ದಲ್ಲ. ಪುರಸಭೆಗಳಲ್ಲಿ ಮೇಲಿನವರು ಬರುತ್ತಾರೆ ಎಂದರೆ ಗುಡಿಸು, ನೀರು ಹೊಡಿ, ಬದಿಗೆ ಬಿಳಿ ಪುಡಿ ಚೆಲ್ಲು. ಯಾರು ಬರುತ್ತಾರೆ, ಯಾತಕ್ಕೆ ಬರುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಒಮ್ಮೆ ಒಬ್ಬ ಹಿರಿಯ ಅಧಿಕಾರಿ ಕಸದ ಗುಂಪಿನ ಮುಂದೆ ನನ್ನನ್ನು ನಿಲ್ಲಿಸಿ, ಸಂತೆಯ ಜನರೆದುರು ಬೈದು ಹೋಗಿದ್ದರು. ಅಂದಿನಿಂದ ಮೇಲಿನವರು ಬರುತ್ತಾರೆಂದರೆ ಸಾಕು, ನನ್ನ ಬೆರಳು ತಾನಾಗಿ ಆ ಸಂದೇಶ ಬರೆಯುತ್ತದೆ. ತಲೆಗೆ ಕೆಲಸವೇ ಇರುವುದಿಲ್ಲ.

ಮೊದಲ ದಿನ ಬೆಳಿಗ್ಗೆ ಶಾಲೆಯ ಮಾಳಿಗೆ ಹತ್ತಿ ನೋಡಿದರೆ ಮಿಲ್ ರಸ್ತೆ ಒದ್ದೆಯಾಗಿ ಮಿರಮಿರ ಮಿಂಚುತ್ತಿತ್ತು. ಸುಳ್ಳೇಕೆ ಹೇಳಲಿ, ನೋಡಿ ನನಗೆ ಖುಷಿಯಾಯಿತು. ಯಕ್ಕ ಕೆಳಗೆ ಪೊರಕೆ ಹಿಡಿದು ನಿಂತಿದ್ದಳು. ನಾಲ್ಕು ಗಂಟೆಗೇ ಎದ್ದು ಬಂದಿದ್ದಳಂತೆ. ಬದಿಯ ಮಣ್ಣಿನಲ್ಲಿ ಕಟ್ಟಿಕೊಂಡಿದ್ದ ಬೂದಿಯನ್ನೆಲ್ಲ ಕೆರೆದು ಗಾಡಿಗೆ ತುಂಬಿಸಿದ್ದಳು.

"ಒಂದು ಕಡ್ಡಿ ಸೈತ ಬಿಟ್ಟಿಲ್ಲ ನೋಡ್ರಿ ಮೇಡಮ್ಮಾರ!" ಎಂದು ಅಲ್ಲಿಂದಲೇ ಕೂಗಿದಳು. ನಾನು ಮೇಲಿಂದ ಕೈ ಎತ್ತಿ ಶಹಬ್ಬಾಸ್ ಎಂದೆ.

ಯಂತ್ರ ತಂದಿದ್ದ ತಂತ್ರಜ್ಞ ಬೆಂಗಳೂರಿನವನು. ಗಾಳಿಯ ಹರಿವನ್ನು ಬರೆದುಕೊಳ್ಳುತ್ತ ರಸ್ತೆ ನೋಡಿದ. "ಮೇಡಂ, ನಿಮ್ ರೋಡು ತುಂಬಾ ಕ್ಲೀನಾಗಿದೆಯಲ್ಲ. ಇಲ್ಲಿಗ್ಯಾಕೆ ಮಷೀನ್ ಕರೆಸಿದ್ರಿ?" ಎಂದ.

ಹೊಗಳಿಕೆಯೆಂದುಕೊಂಡು ನಕ್ಕೆ.

ಎರಡನೆಯ ದಿನ ಅವನು ಪೆಟ್ಟಿಗೆಯ ಮುಚ್ಚಳ ತೆಗೆದು, ಚಿಮಟದಲ್ಲಿ ಹಿಡಿದು ಕಾಗದ ಹೊರತೆಗೆದ. ಅದು ಹೆಚ್ಚುಕಡಿಮೆ ಬೆಳ್ಳಗೇ ಇತ್ತು. ನಾನು ಮಾಡಿದ್ದೇನೆಂದು ಆಗ ತಿಳಿಯಿತು. ಇಲ್ಲಿಂದ ಮುಂದೆ ನಾನು ಮಾಡಿದ್ದು ರೂಢಿಯಲ್ಲ, ಮರೆವೂ ಅಲ್ಲ. ಆಗಲೇ ಬಾಯಿ ಬಿಟ್ಟು, ಇದು ನಮ್ಮ ದಿನದ ರಸ್ತೆಯಲ್ಲ, ಯಂತ್ರ ನಿಲ್ಲಿಸಿ ಎನ್ನಬಹುದಿತ್ತು. ಕರೆಂಟಿಗಾಗಿ ಅಷ್ಟು ಕಚೇರಿ ಸುತ್ತಿದವಳು, ನೀರು ಹೊಡೆಸಿದ್ದು ನಾನೇ ಎಂದು ಆ ಹುಡುಗನ ಮುಂದೆ ಹೇಳಿಕೊಳ್ಳಲು ನಾಚಿದೆ. ಟ್ಯಾಂಕರ್ ನಿಲ್ಲಿಸಲೂ ಇಲ್ಲ. ನಿಲ್ಲಿಸಿದರೆ ಯಾಕೆಂದು ಪೌರಕಾರ್ಮಿಕರ ಮೇಲೆ ನಿಗಾ ಇಡುವ ದಫೇದಾರ ಕೇಳುತ್ತಾನಲ್ಲ? ಉಳಿದೆರಡು ಕಾಗದಗಳಲ್ಲಿ ಹೇಗೋ ಧೂಳು ಬಂದುಬಿಡಲಿ ಎಂದು ಕಾದೆ. ಬರಲಿಲ್ಲ.

ಕೆಲವು ವಾರಗಳಾದ ಮೇಲೆ ಪತ್ರ ಬಂತು. ಧೂಳಿನ ಪ್ರಮಾಣ ಮಿತಿಯೊಳಗಿದೆ, ಪಟ್ಟಿಗೆ ಸೇರಿಸಲು ಅವಕಾಶವಿಲ್ಲ. ಮುಖ್ಯಾಧಿಕಾರಿಗಳು ನನ್ನನ್ನು ಕರೆದರು. ಶಾಂತ ಸ್ವಭಾವದವರು, ದನಿ ಏರಿಸಿದವರಲ್ಲ.

"ಇದು ಹೆಂಗಾತ್ರಿ ಮೇಡಂ? ನನ್ನ ಕಾರಿನ ಗಾಜು ದಿನಾ ಎರಡು ಸಲ ಒರಸ್ತೀನಿ. ನೀರು ಹೊಡಿಸಿದ್ರು ಅಂತ ಯಾರೋ ಅಂದ್ರು. ಯಾರು ಹೇಳಿದ್ರಿ ಹೊಡಿಯಾಕ?"

ಅವರು ಆ ವಾಟ್ಸಾಪ್ ಗುಂಪಿನಲ್ಲಿ ಇರಲಿಲ್ಲ. ಅದು ನನಗೆ ಗೊತ್ತಿತ್ತು.

"ಸಿಬ್ಬಂದಿನ ಹೊಡದಾರ ಸರ. ದೊಡ್ಡವ್ರು ಬರ್ತಾರ ಅಂದ್ರ ಅವ್ರಿಗೆ ರೂಢಿ."

"ಹಂಗಾರ ಆ ರಸ್ತಾದವ್ರಿಗೆ ಒಂದು ನೋಟಿಸ್ ಕೊಡ್ರಿ. ಫೈಲ್‌ನ್ಯಾಗ ಇರ್ಲಿ."

ಆ ರಸ್ತೆಗೆ ಕಾಯಂ ಇದ್ದವಳು ಯಕ್ಕ, ಅವಳ ಹೆಸರಿಗೆ ನೋಟಿಸು ಬರೆದವಳೂ ನಾನೇ. 'ಮೇಲಧಿಕಾರಿಗಳ ಅನುಮತಿ ಇಲ್ಲದೆ ರಸ್ತೆಗೆ ನೀರು ಸಿಂಪಡಿಸಿ ಸರಕಾರಿ ಕಾರ್ಯಕ್ಕೆ ಅಡ್ಡಿಪಡಿಸಿದ ಬಗ್ಗೆ' ಎಂದು ಶುರುವಾಗುತ್ತದೆ. ಒಳ್ಳೆಯ ಕನ್ನಡ, ಒಂದು ಅಕ್ಷರ ತಪ್ಪಿರಲಿಲ್ಲ.

ಯಕ್ಕನಿಗೆ ಸಹಿ ಮಾಡಲು ಬರುತ್ತದೆ, ಓದಲು ಬರುವುದಿಲ್ಲ. ಕಚೇರಿಯಿಂದ ಏನೇ ಕಾಗದ ಬಂದರೂ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಾಳೆ. ಇದನ್ನೂ ಒತ್ತಿಕೊಂಡಳು.

"ಏನು ಬರದಾರ್ರಿ ಇದರಾಗ?"

"ಕೇಳದ ನೀರು ಹೊಡದೀರಿ ಅಂತ ಐತಿ."

ಅವಳು ಸ್ವಲ್ಪ ಹೊತ್ತು ಕೆಮ್ಮಿದಳು. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದಳು, "ನೀವ ಹೇಳಿ ಕಳಿಸೀರಿ ಅಂತ ದಫೇದಾರ ಫೋನ್‌ನ್ಯಾಗ ಓದಿ ಹೇಳಿದ. ಹಂಗಾರ ಅಂವಾ ಸುಳ್ಳು ಹೇಳಿದ್ನೇನ್ರಿ? ತಡೀರಿ, ಕೇಳ್ತೀನಿ ಅವಂಗ."

ನಾನು ಸುಳ್ಳು ಹೇಳಿರಬಹುದೆಂಬ ಯೋಚನೆ ಅವಳ ತಲೆಗೆ ಬರಲೇ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಬ್ಯಾಡ ಯಕ್ಕಾ, ಅವಂಗ ಕೇಳಬ್ಯಾಡ," ಎಂದಷ್ಟೇ ಹೇಳಿದೆ. ನಾನು ತೋರಿಸಿದಲ್ಲಿ ಅವಳು ಸಹಿ ಮಾಡಿ ಹೋದಳು. ನಾನು ಆ ಕಾಗದವನ್ನು ಕಡತಕ್ಕೆ ಸೇರಿಸದೆ ನನ್ನ ಚೀಲದಲ್ಲಿ ಇಟ್ಟುಕೊಂಡೆ. ದಡ್ಡತನದಿಂದ ತಪ್ಪು ಮಾಡುವುದು ಬೇರೆ, ಆ ತಪ್ಪನ್ನು ಓದಲು ಬಾರದವಳ ಹೆಸರಿಗೆ ಬರೆಯುವುದು ಬೇರೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮರುದಿನ ಸಾಮಾನ್ಯ ಸಭೆ. ಪತ್ರವನ್ನು ಓದಿ ಹೇಳಿದರು. ಮಿಲ್ಲಿನ ಮಾಲೀಕರಾದ ಸದಸ್ಯರೊಬ್ಬರು ಮೇಜು ತಟ್ಟಿದರು. "ನಾ ಮೊದಲ ಹೇಳಿದ್ದಿಲ್ಲೇನ್ರಿ? ನಮ್ಮ ಊರ ಗಾಳಿ ಛಲೋ ಐತಿ ಅಂತ ಬೆಂಗಳೂರಿನವ್ರ ಬರದು ಕೊಟ್ಟಾರ. ಮುಗೀತು, ವಿಷಯ ಬಂದ್ ಮಾಡ್ರಿ."

ವಾರ್ಡಿನ ಸದಸ್ಯೆ ಎದ್ದರು. ಅದೇ ಬಟ್ಟೆ ಅವರ ಚೀಲದಲ್ಲಿತ್ತು, ಒಗೆಯದೆ ಹಾಗೇ ಇಟ್ಟಿದ್ದರು. ಅದನ್ನು ನನ್ನ ಮೇಜಿನ ಮೇಲೆ ಹರಡಿದರು.

"ಹಂಗಾರ ಈ ಅರಬಿ ಸುಳ್ಳು ಹೇಳತೈತೇನ್ರಿ? ಮೇಡಂ, ನೀವು ಓದಿದವ್ರು ಅದೀರಿ. ನೀವ ಹೇಳ್ರಿ."

ನಾನು ಎದ್ದು ನಿಂತೆ. ಮೊಬೈಲು ತೆಗೆದು ಆ ಸಂದೇಶವನ್ನು ಗಟ್ಟಿಯಾಗಿ ಓದಿದೆ, ದಿನಾಂಕ ಹೊತ್ತು ಸಮೇತ. ನಂತರ ಚೀಲದಿಂದ ನೋಟಿಸು ತೆಗೆದು ಅದನ್ನೂ ಓದಿದೆ. "ನೀರು ಹೊಡಿಸಿದಾಕಿ ನಾನು. ಟ್ರ್ಯಾಕ್ಟರ್ ನಿಲ್ಲಿಸಿದಾಕಿನೂ ನಾನ. ನಿನ್ನಿ ಈ ತಪ್ಪು ಇನ್ನೊಬ್ಬಾಕಿ ಮ್ಯಾಲ ಹಾಕೀನಿ. ಗಾಳಿ ಮತ್ತೊಮ್ಮೆ ಅಳತಿ ಮಾಡಿಸಬೇಕಂತ ಸಭಾದವ್ರು ಠರಾವು ಮಾಡ್ಬೇಕು," ಎಂದೆ.

ಮಿಲ್ಲಿನ ಸದಸ್ಯರು ನಕ್ಕರು. "ಹೋಗ್ಲಿ ಬಿಡ್ರಿ ಮೇಡಂ, ಆ ನೆವದಾಗ ಮೂರು ದಿನ ಊರು ಸ್ವಚ್ಛ ಆತು." ಆ ನಗುವಿಗೆ ಇನ್ನೂ ಕೆಲವರು ಸೇರಿದರು. ವಾರ್ಡಿನ ಸದಸ್ಯೆ ನಗಲಿಲ್ಲ, ಬೈಯಲೂ ಇಲ್ಲ. ಬಟ್ಟೆ ಮಡಚುತ್ತ, "ನಾ ಒಂದು ವರ್ಷ ಇವ್ರ ಮನಿ ಅವ್ರ ಮನಿ ತಿರಿಗೀನ್ರಿ," ಎಂದರು.

ಒಪ್ಪಿಕೊಂಡೆ ಎಂದು ಯಾರೂ ನನ್ನ ಬೆನ್ನು ತಟ್ಟಲಿಲ್ಲ, ತಟ್ಟಬೇಕಾಗಿಯೂ ಇರಲಿಲ್ಲ. ಠರಾವು ಎರಡೇ ಮತಗಳ ಅಂತರದಲ್ಲಿ ಪಾಸಾಯಿತು. ಯಕ್ಕನ ನೋಟಿಸು ರದ್ದಾಗಿ ಅಂಥದ್ದೇ ಒಂದು ನನ್ನ ಹೆಸರಿಗೆ ಬಂತು. ನನ್ನ ತಪ್ಪೊಪ್ಪಿಗೆಯನ್ನು ಠರಾವಿನ ಜೊತೆ ಬೆಂಗಳೂರಿಗೆ ಕಳಿಸಿದೆವು. ಅದು ಮೇಜಿನಿಂದ ಮೇಜಿಗೆ ಹೋಗಿ, ಇನ್ನೊಂದೇ ಒಂದು ಸಲ ಎಂಬ ಷರಾದೊಂದಿಗೆ ದಿನಾಂಕ ಸಿಕ್ಕಿತು. ರಸ್ತೆ 'ಎಂದಿನಂತೆ' ಇರತಕ್ಕದ್ದು, ಗುಡಿಸುವುದು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು, ಪರಿಸರ ಎಂಜಿನಿಯರ್ ಖುದ್ದು ನಿಂತು ದೃಢೀಕರಿಸತಕ್ಕದ್ದು ಎಂದು ಅದರಲ್ಲಿ ಬರೆದಿತ್ತು.

ಎಂದಿನಂತೆ ಎಂದರೆ ಹೇಗೆ ಎಂದು ನೋಡಲು ಬೆಳಗಾಗುತ್ತಲೇ ಮಿಲ್ ರಸ್ತೆಗೆ ಹೋದೆ. ಈ ಊರಿನ ಏಳು ವರ್ಷಗಳ ನೌಕರಿಯಲ್ಲಿ ಆ ಹೊತ್ತಿಗೆ ಅಲ್ಲಿಗೆ ಹೋದದ್ದು ಅದೇ ಮೊದಲು. ನಾನು ನೋಡುತ್ತಿದ್ದುದು ಯಾವಾಗಲೂ ಗುಡಿಸಿಯಾದ ರಸ್ತೆ. ಯಕ್ಕ ಸೆರಗನ್ನು ಮೂಗಿಗೆ ಸುತ್ತಿ ಗುಡಿಸುತ್ತಿದ್ದಳು. ಪೊರಕೆ ಒಂದು ಸಲ ಆಡಿದರೆ ಬೂದಿ ಸೊಂಟದವರೆಗೆ ಏಳುತ್ತಿತ್ತು. ಲಾರಿ ಬಂದಾಗ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು, ಹೋದ ಮೇಲೆ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು.

ಮಾಸ್ಕುಗಳು ಕಚೇರಿಯ ಕಪಾಟಿನಲ್ಲಿದ್ದವು. ಮೇಲಿನವರು ಬಂದ ದಿನ ಹಂಚಿ, ಫೋಟೋ ತೆಗೆಸಿ, ವಾಪಸ್ಸು ಜಮಾ ಮಾಡಿಕೊಳ್ಳುವುದು ನಮ್ಮ ಪದ್ಧತಿ. ರಿಜಿಸ್ಟರಿನಲ್ಲಿ 'ವಿತರಿಸಲಾಗಿದೆ' ಎಂಬುದರ ಕೆಳಗೆ ಇರುವುದು ನನ್ನ ಸಹಿ. ಅಂದು ಕಪಾಟು ತೆರೆಸಿ, ಒಂದನ್ನು ತಂದು ಯಕ್ಕನಿಗೆ ಕೊಟ್ಟೆ. ಅವಳು ಅತ್ತಿತ್ತ ನೋಡಿದಳು.

"ಫೋಟೋ ತಗಿಯಾಕ ಯಾರ್ ಬಂದಾರ್ರಿ?"

"ಯಾರೂ ಬಂದಿಲ್ಲ ಯಕ್ಕಾ. ಇದು ನಿನಗ. ದಿನಾ ಹಾಕ್ಕೋ."

ಆ ನಿಂತಲ್ಲೇ ಅವಳಿಗೆ ಎಲ್ಲವನ್ನೂ ಹೇಳಿದೆ: ಸಂದೇಶ, ಮುಖ್ಯಾಧಿಕಾರಿಗಳ ಮುಂದೆ ಹೇಳಿದ ಸುಳ್ಳು, ನೋಟಿಸು. ಅವಳು ಪೊರಕೆಯ ಮೇಲೆ ಎರಡೂ ಕೈಯಿಟ್ಟು ಕೇಳಿಸಿಕೊಂಡಳು. "ಹಂಗಾರ ದಫೇದಾರ ಖರೇನ ಹೇಳಿದ್ದ. ಪಾಪ, ಅವಂಗ ಬೈದಿದ್ದೆ," ಎಂದಳು. ಆಮೇಲೆ ಕೇಳಿದಳು, "ಈ ಸಲ ನೀರು ಹೊಡಿಯೂದು ಬ್ಯಾಡೇನ್ರಿ? ಹೊಲಸು ಕಾಣತೈತೆಲ್ರಿ?"

"ಕಾಣಲಿ."

ಅದೇ ಮಾಳಿಗೆ, ಅದೇ ಪೆಟ್ಟಿಗೆ, ಅದೇ ತಂತ್ರಜ್ಞ. ಟ್ರ್ಯಾಕ್ಟರುಗಳು ಓಡಾಡಿದವು. ಯಕ್ಕ ದಿನದಂತೆ ಗುಡಿಸಿದಳು. ಮೂರು ದಿನವೂ ನಾನು ಅಲ್ಲೇ ಇದ್ದೆ. ಕಡತ ಈಗ ಮತ್ತೆ ಬೆಂಗಳೂರಿನಲ್ಲಿದೆ. ವಾಹನ ಇನ್ನೂ ಬಂದಿಲ್ಲ, ಯಕ್ಕ ಇನ್ನೂ ಮಿಲ್ ರಸ್ತೆಯಲ್ಲೇ ಇದ್ದಾಳೆ. ನಾನು ಹೇಳಹೊರಟದ್ದು ಮೂರನೆಯ ದಿನದ ಕಾಗದದ ಬಗ್ಗೆ.

ಮರುದಿನ ಅದನ್ನು ತೆಗೆಯುವ ಹೊತ್ತಿಗೆ ಕೆಲಸ ಮುಗಿಸಿ ಯಕ್ಕ ಮೇಲೆ ಹತ್ತಿ ಬಂದಳು, ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ. ತಂತ್ರಜ್ಞ ಮುಚ್ಚಳ ತೆಗೆದ. ಕಾಗದದ ಅಂಚಿನಲ್ಲಿ, ಚೌಕಟ್ಟು ಒತ್ತಿ ಹಿಡಿದಿದ್ದಷ್ಟು ಜಾಗ ಬೆಳ್ಳಗಿತ್ತು. ನಡುವೆಲ್ಲ ಕಪ್ಪು.

"ಇದು ಎಷ್ಟು ದಿನದ್ದೋ ಯಪ್ಪಾ?"

"ಒಂದು ದಿನದ್ದಮ್ಮ. ದಿನಾ ಹೊಸದು ಹಾಕ್ತೀವಿ, ಇಲ್ಲಾಂದ್ರೆ ಕಟ್ಟಿಕೊಂಡು ಗಾಳಿನೇ ಹೋಗಲ್ಲ."

ಯಕ್ಕ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಬಗ್ಗಿ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ನಕ್ಕಳು.

"ಇದರ ಬಾಳೇವು ಛಲೋ ಐತಿ ನೋಡ್ರಿ ಮೇಡಮ್ಮಾರ, ದಿನಾ ಬದಲಿ ಮಾಡ್ತಾರ. ನನ್ನ ಒಳಗಿಂದು ಹದಿನಾರು ವರ್ಷ ಆತು, ಅದ ಐತಿ."

ತಂತ್ರಜ್ಞ ಫಾರಂ ನನ್ನ ಮುಂದೆ ಹಿಡಿದ. ಷರಾ ಎಂದಿದ್ದಲ್ಲಿ 'ರಸ್ತೆ ಎಂದಿನಂತೆ ಇತ್ತು' ಎಂದು ಬರೆದು ಸಹಿ ಮಾಡಿದೆ. ಆ ಹದಿನಾರು ವರ್ಷಗಳಲ್ಲಿ ಏಳು ನನ್ನವು.